ಮೊಟ್ಟೆಗೆ ಚುಚ್ಚಿದ ಔಷಧ, ಅಂಗಡಿಯವರೆಗೆ ಬಂದ ಸಾಲ್ಮೊನೆಲ್ಲಾ

ಕೋಳಿಮೊಟ್ಟೆ ಒಡೆದು ಮರಿ ಹೊರಬರಲು 21 ದಿನ ಬೇಕು. ದೊಡ್ಡ ಹ್ಯಾಚರಿಗಳಲ್ಲಿ 18ನೆಯ ದಿನದ ಹೊತ್ತಿಗೆ ಮೊಟ್ಟೆಗಳನ್ನು ಸಾಲು ಸೂಜಿಗಳಿರುವ ಯಂತ್ರವೊಂದರ ಕೆಳಗೆ ಹಾಯಿಸುತ್ತಾರೆ. ಪ್ರತಿಯೊಂದು ಸೂಜಿಯೂ ತನ್ನ ಕೆಳಗಿನ ಮೊಟ್ಟೆಯ ದಪ್ಪ ತುದಿಯಲ್ಲಿ ತೂತು ಮಾಡಿ, ಮ್ಯಾರೆಕ್ಸ್ ಎಂಬ ಕಾಯಿಲೆಯ ಲಸಿಕೆಯನ್ನು ಹನಿಯಷ್ಟು ಒಳಗೆ ಬಿಟ್ಟು ಮೇಲೇಳುತ್ತದೆ. ಹೀಗೆ ತೂತಾದ ಮೊಟ್ಟೆಯೊಳಕ್ಕೆ ಬ್ಯಾಕ್ಟೀರಿಯಾಗಳೂ ನುಸುಳಬಹುದು. ಮರಿಯ ಹೊಕ್ಕುಳಿಗೆ ಇ. ಕೋಲಿ ಸೋಂಕು ತಗುಲಿದರೆ ಮೊದಲ ವಾರದಲ್ಲೇ ಮರಿಗಳು ಸಾಯತೊಡಗುತ್ತವೆ. ಆ ನಷ್ಟವನ್ನು ತಪ್ಪಿಸಲೆಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹ್ಯಾಚರಿಗಳು 2000ದ ದಶಕದ ಆರಂಭದ ವರ್ಷಗಳಲ್ಲಿ ಮೊಟ್ಟೆಗಳಿಗೆ ಸೆಫ್ಟಿಯೋಫರ್ ಎಂಬ ಆಂಟಿಬಯೋಟಿಕ್ ಅನ್ನೂ ಚುಚ್ಚುತ್ತಿದ್ದವು. ಆ ಔಷಧದ ಪರವಾನಗಿಯಲ್ಲಿ ಮೊಟ್ಟೆಗೆ ಚುಚ್ಚುವ ಬಳಕೆ ಇರಲಿಲ್ಲ. ಆದರೂ ಪಶುವೈದ್ಯರ ಸಲಹೆಯ ಮೇರೆಗೆ ಹಾಗೆ ಬಳಸುವುದಕ್ಕೆ ಕಾನೂನಿನ ಅಡ್ಡಿಯೂ ಇರಲಿಲ್ಲ.

ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ, ಮಾಂಸದ ಮೂಲಕ ಬರುವ ಔಷಧನಿರೋಧಕ ಬ್ಯಾಕ್ಟೀರಿಯಾಗಳ ಬಗ್ಗೆ ಯಾರು ಕೇಳಿದರೂ ಮೊದಲು ನೆನಪಾಗುವುದು ಕ್ವಿಬೆಕ್‌ನ ಈ ಪ್ರಸಂಗವೇ. ಈ ವಿಷಯದಲ್ಲಿ ಭಯ ಹುಟ್ಟಿಸುವ ಬರಹಗಳಿಗೆ ಕೊರತೆಯಿಲ್ಲ. ಆದರೆ ಕಾರಣ ಎಲ್ಲಿತ್ತು, ಪರಿಣಾಮ ಎಲ್ಲಿ ಕಾಣಿಸಿಕೊಂಡಿತು, ಕಾರಣವನ್ನು ತೆಗೆದಾಗ ಪರಿಣಾಮಕ್ಕೆ ಏನಾಯಿತು ಎಂಬ ಮೂರನ್ನೂ ಒಟ್ಟಿಗೆ ನೋಡಲು ಸಿಗುವ ಸಂದರ್ಭಗಳು ಬಹಳ ಕಡಿಮೆ.

ಸೆಫ್ಟಿಯೋಫರ್ ಅನ್ನು ಪ್ರಾಣಿಗಳಿಗೆ ಮಾತ್ರ ಕೊಡುತ್ತಾರೆ. ಆದರೆ ಅದು ಮೂರನೆಯ ತಲೆಮಾರಿನ ಸೆಫಲೋಸ್ಪೊರಿನ್ ಗುಂಪಿಗೆ ಸೇರಿದ ಔಷಧ, ಮತ್ತು ನಮ್ಮ ಆಸ್ಪತ್ರೆಗಳಲ್ಲಿ ದಿನಬೆಳಗಾದರೆ ಬಳಸುವ ಸೆಫ್ಟ್ರಿಯಾಕ್ಸೋನ್ ಅದೇ ಗುಂಪಿನದು. ಕೋಳಿಯ ಕರುಳಿನಲ್ಲಿದ್ದು ಮಾಂಸದ ಮೂಲಕ ನಮಗೆ ಬರಬಲ್ಲ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ನಮ್ಮ ಕರುಳಿನಲ್ಲೇ ನಿಂತರೆ ಬಹುಪಾಲು ಜನರಿಗೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಭೇದಿಯಾಗಿ, ಜ್ವರ ಬಂದು, ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದು ರಕ್ತಕ್ಕೆ ನುಗ್ಗಿದಾಗ, ವಿಶೇಷವಾಗಿ ರೋಗಿ ಎಳೆಯ ಮಗುವೋ ಗರ್ಭಿಣಿಯೋ ಆಗಿದ್ದಾಗ, ವೈದ್ಯರು ನೆಚ್ಚುವ ಮುಖ್ಯ ಔಷಧಗಳಲ್ಲಿ ಸೆಫ್ಟ್ರಿಯಾಕ್ಸೋನ್ ಒಂದು. ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದವರಿಗೆ ರಕ್ತನಾಳದ ಮೂಲಕ ಕೊಡುವ ಇಂಜೆಕ್ಷನ್ ಎಂದರೆ ಅನೇಕ ಓದುಗರಿಗೆ ಥಟ್ಟನೆ ಗುರುತು ಸಿಗಬಹುದು. (ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮನುಷ್ಯರಿಂದ ಮನುಷ್ಯರಿಗೆ ನೀರು, ಆಹಾರಗಳ ಮೂಲಕ ಬರುವಂಥದ್ದು, ಅದು ಕೋಳಿಯಿಂದ ಬರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಅದರ ದಾಯಾದಿಗಳ ವಿಷಯ.)

ಒಂದು ಬ್ಯಾಕ್ಟೀರಿಯಾ ಸೆಫ್ಟಿಯೋಫರ್‌ಗೆ ಬಗ್ಗದೆ ಹೋದರೆ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗುವುದಿಲ್ಲ. ಕೆನಡಾದ ಕೋಳಿಗಳಲ್ಲಿ ಈ ಕೆಲಸ ಮಾಡುತ್ತಿದ್ದ ಜೀನ್‌ಗೆ ಸಿಎಂವೈ-2 ಎಂದು ಹೆಸರು. ಅದು ತಯಾರಿಸುವ ಕಿಣ್ವವು ಈ ಔಷಧಗಳ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಕತ್ತರಿಸಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಜೀನ್ ಹೆಚ್ಚಾಗಿ ಕೂತಿರುವುದು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿ ಅಲ್ಲ, ಪ್ಲಾಸ್ಮಿಡ್ ಎಂಬ ಬೇರೆಯೇ ಡಿಎನ್‌ಎ ಬಳೆಯಲ್ಲಿ. ಪ್ಲಾಸ್ಮಿಡ್‌ನ ಪ್ರತಿ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬ್ಯಾಕ್ಟೀರಿಯಾಕ್ಕೆ, ಜಾತಿಯ ಗಡಿಯನ್ನೂ ದಾಟಿ, ಹೋಗಬಲ್ಲದು. ಕೋಳಿಯ ಕರುಳಿನ ನಿರಪಾಯಕಾರಿ ಇ. ಕೋಲಿಯೊಂದು ಈ ಜೀನನ್ನು ಪಡೆದುಕೊಂಡರೆ, ಅದೇ ಕರುಳಿನಲ್ಲಿರುವ ಸಾಲ್ಮೊನೆಲ್ಲಾಕ್ಕೆ ಅದನ್ನು ದಾಟಿಸಬಹುದು. ಆದ್ದರಿಂದಲೇ ಕಾಯಿಲೆ ತಾರದ ಬ್ಯಾಕ್ಟೀರಿಯಾಗಳಲ್ಲಿರುವ ನಿರೋಧಕತೆಯನ್ನೂ ಅಳೆಯಬೇಕಾಗುತ್ತದೆ.

ಕೆನಡಾ ಅದನ್ನು ಅಳೆಯುತ್ತಿತ್ತು. ಸಿಪಾರ್ಸ್ ಎಂಬ ಸಂಕ್ಷಿಪ್ತ ಹೆಸರಿನ ಅಲ್ಲಿನ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮವು 2003ರಿಂದ ಆಂಟೇರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯಗಳ ಅಂಗಡಿಗಳಿಗೆ ಜನರನ್ನು ಕಳಿಸಿ, ಮಾಮೂಲಿ ಗ್ರಾಹಕರಂತೆಯೇ ಚರ್ಮಸಹಿತ ಕೋಳಿಕಾಲು ಅಥವಾ ರೆಕ್ಕೆ, ಹಂದಿಮಾಂಸ, ಅರೆದ ದನದ ಮಾಂಸಗಳನ್ನು ಕೊಳ್ಳತೊಡಗಿತು. ಆ ಮಾಂಸದಿಂದ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, ಯಾವ ಔಷಧಕ್ಕೆ ಬಗ್ಗುತ್ತವೆ, ಯಾವುದಕ್ಕೆ ಇಲ್ಲ ಎಂದು ಪರೀಕ್ಷಿಸಿತು. ಇನ್ನೊಂದು ಕಡೆ, ಕಾಯಿಲೆ ಬಿದ್ದ ಜನರಿಂದ ದೊರೆತ ಸಾಲ್ಮೊನೆಲ್ಲಾಗಳನ್ನೂ ಅದೇ ಔಷಧಗಳ ಮುಂದೆ ಪರೀಕ್ಷಿಸಲಾಗುತ್ತಿತ್ತು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಸಾಲ್ಮೊನೆಲ್ಲಾ ಹೈಡಲ್‌ಬರ್ಗ್ ಎಂಬ ಬಗೆಯ ಮೇಲೆ ಎಲ್ಲರ ಗಮನ ಹೋಯಿತು. ಕೋಳಿಗಳಲ್ಲಿ ಸಾಮಾನ್ಯವಾದ ಈ ಬಗೆಗೆ ಮನುಷ್ಯರಲ್ಲಿ ರಕ್ತಕ್ಕೆ ನುಗ್ಗುವ ಗುಣ ಇತರ ಅನೇಕ ಬಗೆಗಳಿಗಿಂತ ಹೆಚ್ಚು.

2004ರಲ್ಲಿ ಕ್ವಿಬೆಕ್‌ನ ಅಂಗಡಿಗಳ ಕೋಳಿಮಾಂಸದಲ್ಲಿ ಸಿಕ್ಕ ಹೈಡಲ್‌ಬರ್ಗ್ ಮಾದರಿಗಳಲ್ಲಿ 62 ಪ್ರತಿಶತ ಸೆಫ್ಟಿಯೋಫರ್‌ಗೆ ನಿರೋಧಕವಾಗಿದ್ದವು. ಅದೇ ಪ್ರಾಂತ್ಯದ ರೋಗಿಗಳಿಂದ ಸಿಕ್ಕ ಹೈಡಲ್‌ಬರ್ಗ್‌ಗಳಲ್ಲಿ ಈ ಪ್ರಮಾಣ 36 ಪ್ರತಿಶತ ಇತ್ತು. ಸಂಖ್ಯೆಗಳು ಬಹಿರಂಗವಾದ ಮೇಲೆ, 2005ರ ಫೆಬ್ರವರಿಯಲ್ಲಿ ಕ್ವಿಬೆಕ್‌ನ ಬ್ರಾಯ್ಲರ್ ಹ್ಯಾಚರಿಗಳು ಸೆಫ್ಟಿಯೋಫರ್ ಚುಚ್ಚುವುದನ್ನು ಸ್ವಯಂಪ್ರೇರಿತವಾಗಿ ನಿಲ್ಲಿಸಿದವು. 2006ರ ಹೊತ್ತಿಗೆ ಅಂಗಡಿಯ ಕೋಳಿಯಲ್ಲಿ 62 ಇದ್ದದ್ದು 7 ಪ್ರತಿಶತಕ್ಕೆ ಬಂದಿತ್ತು, ರೋಗಿಗಳಲ್ಲಿ 36 ಇದ್ದದ್ದು 8ಕ್ಕೆ. ಕೋಳಿಯ ಇ. ಕೋಲಿಯಲ್ಲೂ ಅದೇ ರೀತಿ 34ರಿಂದ 6 ಪ್ರತಿಶತಕ್ಕೆ ಇಳಿಯಿತು. ಮುಂದೆ 2007ರಲ್ಲಿ ಕೆಲವು ಹ್ಯಾಚರಿಗಳು ಔಷಧವನ್ನು ಭಾಗಶಃ ಮತ್ತೆ ಆರಂಭಿಸಿದವು. ಅಂಗಡಿಯ ಕೋಳಿಯಲ್ಲಿನ ನಿರೋಧಕ ಹೈಡಲ್‌ಬರ್ಗ್ ಪುನಃ 20 ಪ್ರತಿಶತದವರೆಗೆ ಏರಿತು, ಇ. ಕೋಲಿ 19ರವರೆಗೆ.

ಈ ಅಂಕಿಗಳನ್ನು ಓದುವಾಗ ಎಚ್ಚರವೂ ಬೇಕು. ಇದು ಪ್ರಯೋಗಾಲಯದಲ್ಲಿ ಯೋಜಿಸಿ ನಡೆಸಿದ ಪ್ರಯೋಗವಲ್ಲ, ಗಮನಿಸಿ ಬರೆದಿಟ್ಟ ದಾಖಲೆ. ಎರಡು ರೇಖೆಗಳು ಜೊತೆಜೊತೆಯಾಗಿ ಏರಿ ಇಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಿಬಿಡಲಾಗದು. ಆದರೆ ಇಲ್ಲಿ ಔಷಧ ಇದ್ದಾಗ ಏರಿ, ತೆಗೆದಾಗ ಇಳಿದು, ಮತ್ತೆ ತಂದಾಗ ಮತ್ತೆ ಏರಿದೆ. ಅದೂ ಎರಡು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಒಂದೇ ಲಯದಲ್ಲಿ. ಮತ್ತು ಹಾಗಾಗಲು ಬೇಕಾದ ಜೀನ್ ಯಾವುದು, ಅದು ಕೆಲಸ ಮಾಡುವ ಬಗೆ ಯಾವುದು ಎಂಬುದು ಮೊದಲೇ ತಿಳಿದಿತ್ತು. ಇಷ್ಟಾದ ಮೇಲೂ ಇದನ್ನು ಕಾಕತಾಳೀಯವೆನ್ನಲು ನನಗೆ ಸಾಧ್ಯವಿಲ್ಲ. ಡಚ್ಚರ ಕೋಳಿ ಉದ್ಯಮ 2010ರಲ್ಲಿ ಹ್ಯಾಚರಿಗಳಲ್ಲಿ ಇದೇ ಔಷಧವನ್ನು ನಿಲ್ಲಿಸಿತು. ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2012ರಲ್ಲಿ ಸೆಫಲೋಸ್ಪೊರಿನ್‌ಗಳ ಇಂಥ ಬಳಕೆಯನ್ನು ನಿಷೇಧಿಸಿತು. ಕೆನಡಾದ ಕೋಳಿ ಉದ್ಯಮ 2014ರ ಮೇ ತಿಂಗಳಿನಿಂದ, ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯವೆಂದು ಗುರುತಿಸಿದ ಔಷಧಗಳನ್ನು ರೋಗ ಬರುವ ಮುನ್ನವೇ ಕೊಡುವ ಪದ್ಧತಿಯನ್ನು ಇಡೀ ದೇಶದಲ್ಲಿ ಕೈಬಿಟ್ಟಿತು.

ಸೆಫ್ಟಿಯೋಫರ್ ಹೋದ ಜಾಗಕ್ಕೆ ಅನೇಕ ಹ್ಯಾಚರಿಗಳಲ್ಲಿ ಲಿಂಕೊಮೈಸಿನ್–ಸ್ಪೆಕ್ಟಿನೊಮೈಸಿನ್ ಎಂಬ ಜೋಡಿ ಔಷಧ ಬಂದಿತು, ಮತ್ತು ಅದರ ಬೆನ್ನಿಗೇ ಜೆಂಟಾಮೈಸಿನ್ ಎಂಬ ಇನ್ನೊಂದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚತೊಡಗಿದವು. ಒಂದೇ ಪ್ಲಾಸ್ಮಿಡ್‌ನಲ್ಲಿ ಹಲವು ಔಷಧಗಳ ನಿರೋಧಕ ಜೀನ್‌ಗಳು ಅಕ್ಕಪಕ್ಕ ಕುಳಿತಿರುತ್ತವೆ. ಅವುಗಳಲ್ಲಿ ಯಾವುದಾದರೂ ಒಂದು ಔಷಧವನ್ನು ಬಳಸುತ್ತಿದ್ದರೂ ಉಳಿದ ಜೀನ್‌ಗಳೆಲ್ಲ ಅದರ ಜೊತೆಯಲ್ಲೇ ಉಳಿದುಕೊಂಡು ಬರುತ್ತವೆ. ಒಂದು ಔಷಧದ ಹೆಸರನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಈ ಸಮಸ್ಯೆಗೆ ಉತ್ತರವಾಗದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸೂಜಿಯ ಶುಚಿ, ಮೊಟ್ಟೆಯ ಶುಚಿ, ತಾಯಿಕೋಳಿಗಳ ಆರೋಗ್ಯ ಇವು ಸರಿಯಾದರೆ ಆ 18ನೆಯ ದಿನದಂದು ಆಂಟಿಬಯೋಟಿಕ್ ಹಾಕುವ ಅಗತ್ಯವೇ ಬೀಳುವುದಿಲ್ಲ.

ಔಷಧ ನಿಲ್ಲಿಸಿದಾಗಲೆಲ್ಲ ನಿರೋಧಕತೆ ಹೀಗೆ ಇಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿ 1990ರ ದಶಕದ ನಡುವೆ ಕೋಳಿಗಳ ಕುಡಿಯುವ ನೀರಿಗೆ ಫ್ಲೂರೊಕ್ವಿನೊಲೋನ್ ಗುಂಪಿನ ಔಷಧಗಳನ್ನು ಬೆರೆಸಲು ಅನುಮತಿ ಸಿಕ್ಕಿತು. ನಾವು ಭೇದಿಗೂ ಮೂತ್ರದ ಸೋಂಕಿಗೂ ನುಂಗುವ ಸಿಪ್ರೊಫ್ಲಾಕ್ಸಾಸಿನ್ ಇದೇ ಗುಂಪಿನದು. ಮಿನ್ನೆಸೊಟಾ ರಾಜ್ಯದಲ್ಲಿ, ಕೋಳಿಯ ಕರುಳಿನಲ್ಲಿದ್ದು ನಮಗೆ ಭೇದಿ ತರುವ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿತರನ್ನು ಗಮನಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಈ ಗುಂಪಿಗೆ ಬಗ್ಗದ ಸೋಂಕುಗಳ ಪ್ರಮಾಣ 1992ರಲ್ಲಿ 1.3 ಪ್ರತಿಶತ ಇದ್ದದ್ದು 1998ರಲ್ಲಿ 10.2ಕ್ಕೆ ಏರಿದುದನ್ನು ಅದು ತೋರಿಸಿತು. ಹೆಚ್ಚಳದ ದೊಡ್ಡ ಪಾಲು ವಿದೇಶ ಪ್ರವಾಸ ಮುಗಿಸಿ ಬಂದವರದಾಗಿತ್ತು, ಆದರೆ ಊರು ಬಿಡದವರಲ್ಲೂ ಅದು ಏರುತ್ತಿತ್ತು. ಅದೇ ತಂಡ 1997ರಲ್ಲಿ ಅಂಗಡಿಗಳಿಂದ ತಂದ 91 ಸ್ವದೇಶಿ ಕೋಳಿ ಉತ್ಪನ್ನಗಳಲ್ಲಿ 14 ಪ್ರತಿಶತದಲ್ಲಿ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗದ ಕ್ಯಾಂಪೈಲೊಬ್ಯಾಕ್ಟರ್ ಸಿಕ್ಕಿತ್ತು. ಎಫ್‌ಡಿಎ 2000ದಲ್ಲಿ ಅನುಮತಿ ಹಿಂಪಡೆಯುವ ಪ್ರಸ್ತಾವ ಮಂಡಿಸಿತು. ಒಂದು ಕಂಪನಿ ಒಪ್ಪಿ ಹಿಂದೆ ಸರಿಯಿತು, ಇನ್ನೊಂದು ಕಾನೂನಿನ ಹೋರಾಟಕ್ಕಿಳಿಯಿತು, ನಿಷೇಧ ಜಾರಿಯಾಗುವಾಗ 2005ರ ಸೆಪ್ಟೆಂಬರ್ ಆಗಿತ್ತು. ಆದರೆ ಕ್ಯಾಂಪೈಲೊಬ್ಯಾಕ್ಟರ್‌ನಲ್ಲಿ ಈ ನಿರೋಧಕತೆ ಪ್ಲಾಸ್ಮಿಡ್‌ನಿಂದ ಬಂದದ್ದಲ್ಲ. ವರ್ಣತಂತುವಿನಲ್ಲಿರುವ ಒಂದೇ ಒಂದು ಜೀನಿನ ಒಂದು ಸಣ್ಣ ಬದಲಾವಣೆ ಅದಕ್ಕೆ ಸಾಕು, ಮತ್ತು ಆ ಬದಲಾವಣೆಯನ್ನು ಹೊತ್ತು ಬದುಕುವುದು ಬ್ಯಾಕ್ಟೀರಿಯಾಕ್ಕೆ ಭಾರವೂ ಆಗುವುದಿಲ್ಲ. ಹಾಗಾಗಿ ಔಷಧ ಹೋದರೂ ನಿರೋಧಕತೆ ಉಳಿಯಿತು. ಫ್ಲೂರೊಕ್ವಿನೊಲೋನ್‌ಗಳನ್ನು ಆಹಾರಪ್ರಾಣಿಗಳಿಗೆ ಕೊಡಲು ಮೊದಲಿನಿಂದಲೂ ಅವಕಾಶ ನೀಡದ ಆಸ್ಟ್ರೇಲಿಯಾದಲ್ಲಿ ಇಂಥ ನಿರೋಧಕತೆ ಬಹುಕಾಲ ತೀರ ಕಡಿಮೆಯಿತ್ತು. ಐದು ವರ್ಷಗಳ ವ್ಯಾಜ್ಯದ ಬೆಲೆ ಎಷ್ಟೆಂದು ಯೋಚಿಸುವಾಗ ನನಗೆ ಈ ಎರಡು ದೇಶಗಳು ಒಟ್ಟಿಗೆ ನೆನಪಾಗುತ್ತವೆ.

ಪ್ರಯೋಗಾಲಯದಲ್ಲಿ ಈ ನಿರೋಧಕತೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾಂಸದ ತುಂಡನ್ನು ಪೋಷಕ ದ್ರವದಲ್ಲಿ ಅಲುಗಿಸಿ, ಅದರಲ್ಲಿರುವ ಬ್ಯಾಕ್ಟೀರಿಯಾಗಳು ಬೆಳೆಯಲು ಸಮಯ ಕೊಟ್ಟು, ಅನಂತರ ಎಕ್ಸ್‌ಎಲ್‌ಡಿ ಎಂಬ ಕೆಂಪು ಮಾಧ್ಯಮದ ತಟ್ಟೆಯ ಮೇಲೆ ಗೀರುತ್ತೇವೆ. ಇ. ಕೋಲಿ ಇದ್ದರೆ ಅದರ ಸುತ್ತ ಮಾಧ್ಯಮ ಹಳದಿಗೆ ತಿರುಗುತ್ತದೆ. ಸಾಲ್ಮೊನೆಲ್ಲಾ ಇದ್ದರೆ ಕೆಂಪು ಕೆಂಪಾಗಿಯೇ ಉಳಿದು, ಕಾಲನಿಯ ನಡುವೆ ಮಾತ್ರ ಕಡುಗಪ್ಪು ಬೊಟ್ಟು ಮೂಡುತ್ತದೆ. ಆ ಕಾಲನಿಯನ್ನು ದೃಢಪಡಿಸಿಕೊಂಡು, ಇನ್ನೊಂದು ತಟ್ಟೆಯ ಮೇಲೆ ಒಂದೇ ಸಮನಾಗಿ ಹರಡಿ, ಔಷಧಗಳನ್ನು ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅಂತರ ಬಿಟ್ಟು ಇಡುತ್ತೇವೆ. ಮಾರನೆಯ ದಿನ ತಟ್ಟೆಯನ್ನು ಬೆಳಕಿಗೆ ಹಿಡಿದರೆ, ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಇರುತ್ತದೆ. ಸೆಫ್ಟ್ರಿಯಾಕ್ಸೋನ್ ಬಿಲ್ಲೆಯ ಸುತ್ತ ಆ ವೃತ್ತದ ಅಡ್ಡಳತೆ 23 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧ ಫಲಿಸುತ್ತದೆಂದೂ, 19 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ನಿರೋಧಕವೆಂದೂ ಬರೆಯುತ್ತೇವೆ. ಕೆಲವೊಮ್ಮೆ ಅಳೆಯಲು ವೃತ್ತವೇ ಇರುವುದಿಲ್ಲ, ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೂದುಬಣ್ಣದ ಹಾಸಿನಂತೆ ಬೆಳೆದಿರುತ್ತದೆ. ಅಂಥ ವರದಿಗೆ ಸಹಿ ಹಾಕುವಾಗ, ಆ ರೋಗಿಯ ವೈದ್ಯರ ಕೈಯಲ್ಲಿದ್ದ ಒಂದು ಔಷಧ ಕಡಿಮೆಯಾಯಿತೆಂದು ಮನಸ್ಸಿಗೆ ನೋವಾಗುತ್ತದೆ.

ನಮ್ಮಲ್ಲಿ ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಎರಡು ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಮಾಂಸದಲ್ಲಿ ಉಳಿದಿರುವ ಔಷಧದ ಅಂಶ ಒಂದು, ಮಾಂಸದ ಮೇಲಿರುವ ಔಷಧನಿರೋಧಕ ಬ್ಯಾಕ್ಟೀರಿಯಾ ಇನ್ನೊಂದು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿ, 40 ಪ್ರತಿಶತದಲ್ಲಿ ಆಂಟಿಬಯೋಟಿಕ್ ಅಂಶ ಇದೆಯೆಂದು ಪ್ರಕಟಿಸಿದಾಗ ದೇಶದ ಗಮನ ಈ ಕಡೆ ತಿರುಗಿತು. ಅದು ಬಹಳ ಒಳ್ಳೆಯ ಕೆಲಸ. ಮುಂದೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮಾಂಸದಲ್ಲಿ ಇರಬಹುದಾದ ಔಷಧದ ಅಂಶಕ್ಕೆ ಮಿತಿಗಳನ್ನು ಗೊತ್ತುಪಡಿಸಿತು. ಇವೆಲ್ಲವೂ ಮೊದಲನೆಯ ಸಂಗತಿಗೆ ಸೇರಿದವು. ಕ್ವಿಬೆಕ್‌ನ ಕೋಳಿಯನ್ನೇ ತೆಗೆದುಕೊಳ್ಳಿ. ಔಷಧ ಸೇರಿದ್ದು ಮೊಟ್ಟೆಯೊಳಗಿದ್ದಾಗ, ಕೋಳಿ ಅಂಗಡಿಗೆ ಬಂದದ್ದು ಐದಾರು ವಾರ ಕಳೆದ ಮೇಲೆ. ಅಷ್ಟರಲ್ಲಿ ಔಷಧ ದೇಹದಿಂದ ಹೊರಟುಹೋಗಿರುತ್ತದೆ, ಅಂಶವನ್ನು ಹುಡುಕುವ ಪರೀಕ್ಷೆಯಲ್ಲಿ ಆ ಕೋಳಿ ಲೀಲಾಜಾಲವಾಗಿ ತೇರ್ಗಡೆಯಾಗುತ್ತದೆ. ಔಷಧದ ನಡುವೆಯೂ ಬದುಕುಳಿದ ಬ್ಯಾಕ್ಟೀರಿಯಾಗಳು ಮಾತ್ರ ಅದರ ಕರುಳಿನಲ್ಲಿದ್ದು, ಕೊಯ್ಯುವಾಗ ಚರ್ಮಕ್ಕೂ ಮಾಂಸಕ್ಕೂ ಮೆತ್ತಿಕೊಳ್ಳುತ್ತವೆ. ‘ಆಂಟಿಬಯೋಟಿಕ್ ಅಂಶ ರಹಿತ’ ಎಂಬ ಚೀಟಿ ಅಂಟಿಸಿದ ಪೊಟ್ಟಣದ ಮೇಲೂ ಅವು ಇರಬಹುದು, ಮತ್ತು ಆ ಚೀಟಿ ಸುಳ್ಳೇನೂ ಆಗಿರುವುದಿಲ್ಲ.

ಅಂಗಡಿಯ ಮಾಂಸವನ್ನು ಪರೀಕ್ಷಿಸುವುದರ ಬೆಲೆ ಚೀನಾದಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. ಬೇರೆ ಯಾವ ಔಷಧವೂ ನಾಟದಾಗ ತೀವ್ರ ನಿಗಾ ಘಟಕಗಳಲ್ಲಿ ಕೊಡುವ ಕೊಲಿಸ್ಟಿನ್ ಅನ್ನು ಅಲ್ಲಿ ಹಂದಿ–ಕೋಳಿಗಳ ಆಹಾರದಲ್ಲಿ ಮೈ ತುಂಬಿಸಲು ಬೆರೆಸುತ್ತಿದ್ದರು. 2015ರ ನವೆಂಬರ್‌ನಲ್ಲಿ ಅಲ್ಲಿನ ವಿಜ್ಞಾನಿಗಳು ಎಂಸಿಆರ್-1 ಎಂಬ ಜೀನನ್ನು ವರದಿ ಮಾಡಿದರು. ಕೊಲಿಸ್ಟಿನ್ ನಿರೋಧಕತೆಯನ್ನು ಪ್ಲಾಸ್ಮಿಡ್ ಮೂಲಕ ಹರಡಬಲ್ಲ ಜೀನ್ ಅದುವರೆಗೆ ಕಂಡಿರಲಿಲ್ಲ. ಹಸಿಮಾಂಸದ 523 ಮಾದರಿಗಳಲ್ಲಿ 78ರಲ್ಲಿ, ಅಂದರೆ 15 ಪ್ರತಿಶತದಲ್ಲಿ, ಈ ಜೀನ್ ಹೊತ್ತ ಇ. ಕೋಲಿ ಸಿಕ್ಕಿತು. ಆಸ್ಪತ್ರೆ ಸೇರಿದ್ದ 1,322 ರೋಗಿಗಳ ಪೈಕಿ 16 ಮಂದಿಯಲ್ಲಿ ಮಾತ್ರ ಅದು ಕಂಡಿತ್ತು. ಮಾಂಸದಲ್ಲಿ ಹೆಚ್ಚು, ಮನುಷ್ಯರಲ್ಲಿ ಇನ್ನೂ ಕಡಿಮೆ ಎಂಬ ಆ ಅಂತರವೇ ಹರಿವಿನ ದಿಕ್ಕನ್ನು ಸೂಚಿಸುತ್ತಿತ್ತು. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಪ್ರಾಣಿಗಳಿಗೆ, ಕೋಳಿಗಳಿಗೆ, ಮೀನು–ಸಿಗಡಿ ಸಾಕಣೆಗೆ ಮತ್ತು ಪಶು ಆಹಾರದ ಪೂರಕಗಳಿಗೆ ಕೊಲಿಸ್ಟಿನ್ ಮಾರುವುದನ್ನೂ ಬಳಸುವುದನ್ನೂ ನಿಷೇಧಿಸಿತು. ನಮ್ಮಲ್ಲಿ ಆದ ಸರಿಯಾದ ನಿರ್ಧಾರಗಳಲ್ಲಿ ಇದನ್ನು ನಾನು ಮುಂಚೂಣಿಯಲ್ಲಿಡುತ್ತೇನೆ.

ನಿಷೇಧ ಫಲಿಸಿತೇ ಎಂದು ತಿಳಿಯುವ ದಾರಿ, ಕೆನಡಾದವರಂತೆ, ಅಂಗಡಿಗೆ ಹೋಗಿ ಕೊಂಡು ನೋಡುವುದು. ಬೆಂಗಳೂರಿನ ರಸ್ಸೆಲ್ ಮಾರ್ಕೆಟ್‌ನಿಂದ, ಮೈಸೂರು–ಹುಬ್ಬಳ್ಳಿ–ಮಂಗಳೂರುಗಳ ಬೀದಿಬದಿಯ ಕೋಳಿ ಅಂಗಡಿಗಳಿಂದ, ಸೂಪರ್‌ಮಾರ್ಕೆಟ್‌ನ ತಂಪು ಕಪಾಟಿನಿಂದ ತಿಂಗಳು ತಿಂಗಳು ಮಾದರಿ ಕೊಂಡು, ಅದೇ ಊರಿನ ಆಸ್ಪತ್ರೆಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳ ಜೊತೆ ಹೋಲಿಸಿ, ಫಲಿತಾಂಶವನ್ನು ವರ್ಷ ತಪ್ಪದೆ ಎಲ್ಲರೂ ಓದುವಂತೆ ಪ್ರಕಟಿಸಬೇಕು. ಇದಕ್ಕೆ ಬೇಕಾದ ತಟ್ಟೆ, ಬಿಲ್ಲೆ, ಕೈಗಳು ನಮ್ಮ ಪಶುವೈದ್ಯಕೀಯ ಕಾಲೇಜುಗಳಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ಇವೆ. ಬೇಕಾಗಿರುವುದು ನಿಯಮಿತತೆ. ಒಂದು ವರ್ಷ ಅಳೆದು ಮರುವರ್ಷ ಬಿಟ್ಟರೆ, ಏರಿತೋ ಇಳಿಯಿತೋ ಹೇಳಲಾಗದು. 62, 7, 20 ಎಂಬ ಮೂರೂ ಸಂಖ್ಯೆಗಳು ಒಟ್ಟಿಗಿದ್ದುದರಿಂದಲೇ ಕ್ವಿಬೆಕ್‌ನ ದಾಖಲೆಗೆ ತೂಕ ಬಂದದ್ದು.

ನಾದಿನಿ ಒಮ್ಮೆ ಕೇಳಿದಳು: “ಅತ್ತಿಗೆ, ಫಾರಂ ಕೋಳಿ ಬಿಟ್ಟು ನಾಟಿ ಕೋಳಿ ತಂದ್ರೆ ಈ ತಾಪತ್ರಯ ಇರಲ್ಲ ಅಲ್ವಾ?” ನಾಟಿ ಕೋಳಿಯ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಇರುತ್ತವೆ. ಅದಕ್ಕೆ ಔಷಧ ಬೀಳುವುದು ಕಡಿಮೆಯಿರಬಹುದು, ಆದರೆ ಅದನ್ನು ಕೊಯ್ಯುವುದು ಅದೇ ಅಂಗಡಿಯ ಅದೇ ಮರದ ಕೊರಡಿನ ಮೇಲೆ, ಅದೇ ಕತ್ತಿಯಿಂದ. ಅವಳಿಗೆ ನಾನು ಹೇಳಿದ್ದು ಅಡುಗೆಮನೆಯ ಮಾತು. ನಿರೋಧಕ ಬ್ಯಾಕ್ಟೀರಿಯಾಕ್ಕೆ ಬೆಂಕಿಯ ಮುಂದೆ ಯಾವ ವಿಶೇಷ ಶಕ್ತಿಯೂ ಇಲ್ಲ. ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದೂ ಉಳಿದವುಗಳಂತೆಯೇ ಸಾಯುತ್ತದೆ, ಮತ್ತು ನಮ್ಮ ಕೋಳಿಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಮೇಲೆ. ಅಪಾಯ ಇರುವುದು ಒಲೆಗೆ ಏರುವ ಮುಂಚಿನ ಹೊತ್ತಿನಲ್ಲಿ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು, ಅರಿಶಿನ ಉಪ್ಪು ಹಾಕಿ, ಮೂರು ನಾಲ್ಕು ನೀರಿನಲ್ಲಿ ತೊಳೆಯುವುದು ನಮ್ಮ ಮನೆಗಳಲ್ಲಿ ಶುಚಿಯ ಲಕ್ಷಣ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿ ಕೋಳಿಯನ್ನು ತೊಳೆದವರ ಪೈಕಿ 60 ಪ್ರತಿಶತ ಜನರ ಸಿಂಕಿನಲ್ಲಿ ಅದರ ಬ್ಯಾಕ್ಟೀರಿಯಾ ಸಿಕ್ಕಿತು, 26 ಪ್ರತಿಶತ ಜನರ ಸಲಾಡಿನ ಎಲೆಗೂ ಅದು ತಲುಪಿತ್ತು. ತೊಳೆಯದವರಲ್ಲೂ 31 ಪ್ರತಿಶತ ಜನರ ಸಲಾಡಿಗೆ ಬ್ಯಾಕ್ಟೀರಿಯಾ ಸೇರಿತ್ತು, ಏಕೆಂದರೆ ಅವರು ಕೈಯನ್ನು ಸರಿಯಾಗಿ ತೊಳೆದಿರಲಿಲ್ಲ. ಆದ್ದರಿಂದ ತೊಳೆಯುವುದನ್ನು ಬಿಡಲು ಮನಸ್ಸೊಪ್ಪದವರು ನಲ್ಲಿಯನ್ನು ಜೋರಾಗಿ ಬಿಡದೆ, ಪಾತ್ರೆಯೊಳಗೇ ನಿಧಾನವಾಗಿ ತೊಳೆದು, ಆ ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕನ್ನೂ ಕೈಯನ್ನೂ ಸೋಪಿನಿಂದ ಉಜ್ಜಬೇಕು. ಕೋಸಂಬರಿಯ ಸೌತೆಕಾಯಿ, ಈರುಳ್ಳಿ, ನಿಂಬೆಹಣ್ಣುಗಳನ್ನು ಕೋಳಿ ಮುಟ್ಟುವ ಮೊದಲೇ ಹೆಚ್ಚಿಟ್ಟುಬಿಡಬೇಕು, ಇಲ್ಲವೇ ಅವಕ್ಕೆ ಬೇರೆ ಮಣೆ, ಬೇರೆ ಚಾಕು ಇಟ್ಟುಕೊಳ್ಳಬೇಕು. ಫ್ರಿಜ್ಜಿನಲ್ಲಿ ಹಸಿಮಾಂಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಅದರ ನೀರು ಬೇರೆ ಯಾವುದರ ಮೇಲೂ ಸೋರದಂತೆ ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿಡಬೇಕು.